ಕುತ್ತಿಗೆ ತಗ್ಗಿಸಿದ ಐದು ಬಾತುಗಳು

ಮಾವ ಮರದ ಬಾತು ಕೆತ್ತಲು ಕೂತಾಗ ಅವರಿಗೆ ಎಪ್ಪತ್ತಾರು ವರ್ಷ. ಅಲ್ಲಿಯವರೆಗೆ ಅವರು ಹಿಡಿದ ಚೂರಿಗಳೆಲ್ಲ ತರಕಾರಿಯವು. ನೌಪಾಡಾದ ಒಂದು ಸಣ್ಣ ಉಡುಪಿ ಹೋಟೆಲಿನಲ್ಲಿ ನಲವತ್ತು ವರ್ಷ, ಮೊದಲು ಅಡುಗೆಮನೆ, ಆಮೇಲೆ ಗಲ್ಲಾ ನೋಡಿಕೊಂಡವರು. ಮಂಡಿನೋವು ಹೆಚ್ಚಾದ ಮೇಲೆ ಹೋಟೆಲನ್ನು ಬೇರೆಯವರಿಗೆ ಬಿಟ್ಟು ಘಣಸೋಲಿಯ ನಮ್ಮ ಮನೆಯಲ್ಲಿ ಮಗ, ಸೊಸೆಯ ಜೊತೆ ಉಳಿದರು. ಅಲ್ಲಿಂದ ತಂದದ್ದು ಒಂದೇ ವಸ್ತು, ಸಾಂಬಾರಿನ ದೊಡ್ಡ ಪಾತ್ರೆ. ಬಾಲ್ಕನಿಯ ಅರ್ಧ ಜಾಗ ಅದಕ್ಕೇ ಹೋಯಿತು. ಒಮ್ಮೆ ನಾನು ಅದರಲ್ಲಿ ಬೆಡ್‌ಶೀಟು ನೆನೆಹಾಕಿದ್ದೆ. ಮಾವ ಒಂದು ಮಾತೂ ಆಡದೆ ಬೆಡ್‌ಶೀಟನ್ನು ಬಕೆಟ್ಟಿಗೆ ವರ್ಗಾಯಿಸಿ, ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೋರಲು ಹಾಕಿದರು. ಅವರು ಸಿಟ್ಟು ಮಾಡಿಕೊಳ್ಳುವ ರೀತಿಯೇ ಅದು.

ನಲವತ್ತು ವರ್ಷ ಬೆಳಗ್ಗೆ ಇಡ್ಲಿಯ ಹಬೆಯ ಮುಂದೆ ನಿಂತವರು ಸೂರ್ಯ ಹುಟ್ಟುವುದನ್ನು ಸರಿಯಾಗಿ ನೋಡಿದ್ದೇ ಘಣಸೋಲಿಗೆ ಬಂದ ಮೇಲೆ. ನಮ್ಮ ಸೆಕ್ಟರಿನ ಹಿಂದೆ, ಸಮುದ್ರದ ಕವಲಾದ ಖಾಡಿಯ ಉಬ್ಬರದ ನೀರು ಊರಿಗೆ ನುಗ್ಗದಂತೆ ಮಾಡಿದ ಕೆರೆಯೊಂದಿದೆ. ಡಾಕ್ಟರು ನಡೆಯಲು ಹೇಳಿದ್ದರಿಂದ ದಿನಾ ಬೆಳಗ್ಗೆ ನಾವಿಬ್ಬರೂ ಅಲ್ಲಿಯವರೆಗೆ ಹೋಗುತ್ತಿದ್ದೆವು. ಮೊದಲ ಚಳಿಗಾಲ ಅಲ್ಲಿಗೆ ಬಾತುಗಳು ಬಂದವು. ಕಂದು ಮೈ, ಕಪ್ಪು ಕೊಕ್ಕು, ಕೊಕ್ಕಿನ ತುದಿಗೆ ಮಾತ್ರ ಅರಸಿನ ಹಚ್ಚಿದ ಹಾಗೆ ಹಳದಿ. ಮಾವ ಬೆಂಚಿನ ಮೇಲೆ ಕೂತು ಅವುಗಳನ್ನು ನೋಡುತ್ತಾ, "ಇವಕ್ಕೆ ಆರ್ಡರ್ ಇಲ್ಲ, ಬಿಲ್ ಇಲ್ಲ. ಬಂದು ಕೂತು ತಿಂದು ಹೋಗ್ತವೆ. ಒಳ್ಳೇ ಗಿರಾಕಿಗಳು," ಎನ್ನುತ್ತಿದ್ದರು.

ಮರುವರ್ಷ ಕೆರೆಯ ಹೂಳೆತ್ತಿದರು. ನೀರು ಚೊಕ್ಕಟವಾಯಿತು, ಬಾತುಗಳು ಬರಲಿಲ್ಲ. ಅದರ ಮುಂದಿನ ಚಳಿಗಾಲವೂ ಬರಲಿಲ್ಲ. ಅಷ್ಟರಲ್ಲಿ ನಮ್ಮ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗುವುದು ನಿಶ್ಚಯವಾಯಿತು. ಸಂಕ್ರಾಂತಿಗೆ ಮೊದಲು ಮನೆ ಖಾಲಿ ಮಾಡಿ ಕಾಮೋಠೆಯಲ್ಲಿ ಬಾಡಿಗೆಗೆ ಹೋಗಬೇಕು. ಹೊಸ ಬಿಲ್ಡಿಂಗ್ ಏಳಲು ಎಷ್ಟು ವರ್ಷವೋ. ಸೊಸೈಟಿಯ ಮೀಟಿಂಗಿನಿಂದ ಬಂದ ದಿನ ಮಾವ ಚಪ್ಪಲಿ ಬಿಡುತ್ತಾ ಹೇಳಿದ್ದು ಇಷ್ಟೇ: "ನಾವು ಹೋಗುವ ಮೊದ್ಲು ಒಂದ್ಸಲ ಆದ್ರೂ ಬರ್ಬೇಕಿತ್ತು ಮಗಾ ಅವು."

ಅದನ್ನು ಕೇಳಿಸಿಕೊಂಡ ನನ್ನ ಮಗಳು ಮೊಬೈಲಿನಲ್ಲಿ ಯಾವುದೋ ವಿಡಿಯೊ ಹುಡುಕಿ ಅವರ ಮುಂದೆ ಹಿಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ಅಜ್ಜಾ, ಯೇ ದೇಖೋ. ನಕಲೀ ಬತಖ್." ಯಾವುದೋ ದೇಶದ ಮುದುಕನೊಬ್ಬ ಮರದಿಂದ ಬಾತು ಕೆತ್ತುತ್ತಿದ್ದ. ಹಿಂದೆ ಬೇಟೆಗಾರರು ಇಂಥವನ್ನು ನೀರಿನಲ್ಲಿ ತೇಲಬಿಡುತ್ತಿದ್ದರಂತೆ. ಮೇಲೆ ಹಾರುವ ಬಾತುಗಳು ತಮ್ಮವರು ಕೂತಿದ್ದಾರೆಂದು ಇಳಿಯುತ್ತವೆ, ಕೋವಿಯವನು ಕಾಯುತ್ತಿರುತ್ತಾನೆ. ಈಗ ಕೆಲವರು ಬರೀ ಹವ್ಯಾಸಕ್ಕೆ ಕೆತ್ತುತ್ತಾರೆ. ಮಾವ ಕೋವಿಯ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಮುದುಕನ ಕೈ ಬಂದಲ್ಲಿ ನಿಲ್ಲಿಸು ಎಂದರು, ಮತ್ತೆ ಮತ್ತೆ ನೋಡಿದರು. "ಚೂರಿ ಹಿಡಿದದ್ದು ನೋಡು, ಸುವರ್ಣಗೆಡ್ಡೆ ಸಿಪ್ಪೆ ತೆಗ್ದ ಹಾಗೇ. ಇದು ನಂಗೆ ಬರ್ತದೆ."

ಹಿಂದಿನ ಮಳೆಗಾಲದಲ್ಲಿ ನಮ್ಮ ಕಾಂಪೌಂಡಿನ ಪಾಂಗಾರಾ ಮರ ಬಿದ್ದಿತ್ತು. ಕೆಂಪು ಹೂ ಬಿಡುವ, ಹತ್ತಿಯಷ್ಟು ಹಗುರವಾದ ಮರ. ಅದರ ತುಂಡುಗಳು ಪಂಪ್ ರೂಮಿನ ಹಿಂದೆ ಒಣಗಿ ಬಿದ್ದಿದ್ದವು. ಮಾವ ಐದು ತುಂಡು ಆರಿಸಿ ತಂದರು. ಆರಿಸಿದ್ದನ್ನು ನಾನು ನೋಡಿದೆ: ಪ್ರತಿಯೊಂದನ್ನೂ ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿ ಆರಿಸುವಂತೆ, ಬೆರಳಿನಿಂದ ತಟ್ಟಿ ಕೇಳುತ್ತಿದ್ದರು.

ಗಣಪತಿ ಹಬ್ಬ ಕಳೆದ ಮೇಲೆ ಕೆಲಸ ಶುರುವಾಯಿತು. ಬಾಲ್ಕನಿಯಲ್ಲಿ ಹಳೆಯ ಸೀರೆ ಹಾಸಿ ಕೂರುವುದು, ಸಂಜೆ ಸೀರೆಯ ನಾಲ್ಕು ಮೂಲೆ ಹಿಡಿದು ಚೂರುಗಳನ್ನೆಲ್ಲ ಚೀಲಕ್ಕೆ ಸುರಿಯುವುದು. ಮನೆಯೊಳಗೆ ಮರದ ಒಂದು ಚಕ್ಕೆ ಬರಲಿಲ್ಲ. ಚೂರಿಯನ್ನು ಯಾವಾಗಲೂ ಮೈಯಿಂದ ಹೊರಗೆ ಓಡಿಸುತ್ತಿದ್ದರು, ಕಣ್ಣು ಮಾತ್ರ ಚೂರಿಯ ಮೇಲಿರುತ್ತಿರಲಿಲ್ಲ. ಅದು ಚೂರಿ ಮುಂದೆ ಹೋಗಬೇಕಾದ ಜಾಗದಲ್ಲಿ ಇರುತ್ತಿತ್ತು. ಬಲಗಣ್ಣಿಗೆ ಪೊರೆ ಬಂದಿತ್ತು. ಕಾಣದ ಕಡೆ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು, ಹೆಬ್ಬೆರಳು ಒಪ್ಪದಿದ್ದರೆ ಇನ್ನೊಂದು ತೆಳು ಸಿಪ್ಪೆ.

ತೇಲುವ ಪರೀಕ್ಷೆ ಸಾಂಬಾರಿನ ಪಾತ್ರೆಯಲ್ಲಿ. ಮೊದಲನೆಯದು ನೀರಿಗೆ ಬಿಟ್ಟ ಕೂಡಲೇ ಮಗ್ಗುಲಾಗಿ ಮಲಗಿತು. "ಊಟ ಜಾಸ್ತಿ ಆಯ್ತು ಇದಕ್ಕೆ," ಎಂದರು ಮಾವ. ಘಣಸೋಲಿ ಗಾಂವಿನ ಅಂಗಡಿಯಿಂದ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ತರಿಸಿ, ಹೊಟ್ಟೆಯ ಕೆಳಗೆ ಕೊರೆದು ಕೂರಿಸಿದರು. ಆಮೇಲೆ ಬೇಕೆಂದೇ ತಲೆಕೆಳಗು ಮಾಡಿ ಬಿಟ್ಟರೂ ಅದು ಹೊರಳಿ ನೆಟ್ಟಗೆ ಕೂರುತ್ತಿತ್ತು. ನನಗೆ ಹೆಚ್ಚು ಆಶ್ಚರ್ಯ ತಂದದ್ದು ಆ ಹೊಟ್ಟೆ. ನೀರಿನ ಕೆಳಗೆ ಇರುವ, ಯಾರೂ ನೋಡದ ಆ ಭಾಗವನ್ನೂ ಅವರು ಬೆನ್ನಿನಷ್ಟೇ ನುಣುಪು ಮಾಡಿದ್ದರು. ಡೊಂಬಿವಲಿಯಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಕಸೂತಿ ಕಲಿಸುವ ಸಿಸ್ಟರ್ ಇದ್ದರು. ಬಟ್ಟೆ ಕೊಟ್ಟರೆ ಮೊದಲು ಹಿಂಬದಿ ತಿರುಗಿಸಿ ನೋಡುವರು, ಅಲ್ಲಿ ಗಂಟು ಕಂಡರೆ ಮುಂಬದಿಯ ಹೂವನ್ನು ನೋಡುತ್ತಲೇ ಇರಲಿಲ್ಲ. ಮಾವನ ಬಾತುಗಳು ಆ ಸಿಸ್ಟರ್ ಕೈಯಲ್ಲಿ ಪಾಸಾಗುತ್ತಿದ್ದವು.

ದೀಪಾವಳಿಗೆ ಎರಡು ದಿನವಿರುವಾಗ ಐದೂ ಮುಗಿದವು. ಬಣ್ಣ ಹಚ್ಚುವುದು ನನ್ನ ಪಾಲಿಗೆ ಬಂದಿತ್ತು, ಗರಿಗಳಿಗೆ ಕಸೂತಿಯ ಕಣ್ಣು ಬೇಕೆಂದು. ಅಂದು ಮಾವ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಬಿಳಿ ಬಿಳಿಯಾಗಿ ಕೂತಿದ್ದ ಐದು ಬಾತುಗಳನ್ನು ನೋಡಿ ನನಗೆ ಏನನ್ನಿಸಿತೋ, ಹೊಸ ಲಟ್ಟಣಿಗೆ ತಂದರೆ, ಹೊಸ ಮರದ ಸೌಟು ತಂದರೆ ನಮ್ಮಲ್ಲಿ ಮೊದಲು ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಐದಕ್ಕೂ ತಲೆಯಿಂದ ಬಾಲದವರೆಗೆ ತಿಕ್ಕಿದೆ. ಮರ ಗಟಗಟ ಕುಡಿಯಿತು. ನನಗೆ ಖುಷಿಯೇ ಆಯಿತು.

ಮಾವ ಬಂದು ಒಂದನ್ನು ಎತ್ತಿಕೊಂಡರು. ಬೆರಳು ಮೂಸಿದರು. ಎಣ್ಣೆ ಕುಡಿದ ಮರಕ್ಕೆ ಬಣ್ಣ ಹಿಡಿಯುವುದಿಲ್ಲ ಎಂಬುದು ನನಗೆ ಹೊಳೆದದ್ದು ಅವರ ಮುಖ ನೋಡಿದ ಮೇಲೆ.

"ಚೂರು ಸಾಸ್ಮೆ, ಎರಡೆಸಳು ಬೇವಿನ್ಸೊಪ್ಪು ಹಾಕಿದ್ರೆ ಒಗ್ಗರಣೆ ಆಗ್ತಿತ್ತು," ಎಂದರು.

"ತಪ್ಪಾಯ್ತು ಮಾವ. ನಾನು ಸೌಟಿನ ಹಾಗೆ..."

"ಎಣ್ಣೆ ಹಚ್ಚಿ ಆಯ್ತಲ್ಲ. ಇನ್ನು ಮೀಯಿಸು. ಹಬ್ಬ ಹೇಗೂ ಬಂತು."

ನರಕ ಚತುರ್ದಶಿಯ ದಿನ ಮನೆಯವರದ್ದೆಲ್ಲ ಅಭ್ಯಂಜನ ಮುಗಿದ ಮೇಲೆ ಐದು ಬಾತುಗಳಿಗೂ ಸೀಗೆಪುಡಿ, ಕಡ್ಲೆಹಿಟ್ಟು ಹಚ್ಚಿ ಬಿಸಿನೀರು ಹೊಯ್ದೆ. ಮಾವ ಸ್ಟೂಲಿನ ಮೇಲೆ ಕೂತು, "ಕಿವಿ ಹಿಂದೆ ತಿಕ್ಕು," ಎನ್ನುತ್ತಿದ್ದರು. ಒಂದು ವಾರ ಒಣಗಿಸಿ, ಮತ್ತೆ ಉಪ್ಪುಕಾಗದದಿಂದ ಉಜ್ಜಿದ ಮೇಲೆ ನಾಲ್ಕಕ್ಕೆ ಬಣ್ಣ ಹಿಡಿಯಿತು. ಐದನೆಯದರ ಬೆನ್ನಿನ ಮೇಲೆ ಅಂಗೈಯಗಲ ಜಾಗ ಎಷ್ಟು ಸಲ ಹಚ್ಚಿದರೂ ಸುಲಿದು ಬರುತ್ತಿತ್ತು. "ಇರ್ಲಿ ಬಿಡು, ಇನ್ನು ನೀರು ಒಳಗೆ ಇಳಿಯೂದಿಲ್ಲ," ಎಂದರು. ನಿಜವೋ, ನನ್ನ ಸಮಾಧಾನಕ್ಕೋ ತಿಳಿಯದು.

ಕೆರೆಯ ವಾಚ್‌ಮನ್ ನಮಗೆ ಪರಿಚಯದವನೇ. ನೈಲಾನ್ ದಾರ, ಕಲ್ಲು, ಬಾತುಗಳ ಚೀಲ ನೋಡಿ ನಕ್ಕ. "ಆಜೋಬಾ, ಶಿಕಾರ್ ಕಾ ಇರಾದಾ ಹೈ ಕ್ಯಾ?"

"ಹಮ್ ಪ್ಯೂರ್ ವೆಜ್ ಹೈ ಭಾವೂ," ಎಂದರು ಮಾವ.

ಅವನೇ ಮೊಣಕಾಲುದ್ದ ನೀರಿಗಿಳಿದು, ದಾರದ ತುದಿಗೆ ಕಲ್ಲು ಕಟ್ಟಿ ಐದನ್ನೂ ಬಿಟ್ಟುಬಂದ. ಗಾಳಿ ಬಂದ ಕಡೆಗೆ ಐದೂ ಒಟ್ಟಿಗೆ ಮುಖ ತಿರುಗಿಸಿದವು. ನಾನು ಚಪ್ಪಾಳೆ ತಟ್ಟಬೇಕೆಂದುಕೊಂಡೆ, ಮಾವ ಆಗಲೇ ಆಕಾಶ ನೋಡುತ್ತಿದ್ದರು.

ನವೆಂಬರ್ ಕಳೆಯಿತು. ಒಂದು ಕಾಗೆ ಬಂದು ಕೂತಿತು. ಮಗಳು ದಿನಾ ಸಂಜೆ, "ಅಜ್ಜಾ, ಆಜ್ ಕೌನ್ ಆಯಾ? ಕೌವಾ?" ಎಂದು ಕೇಳುವಳು. ಡಿಸೆಂಬರಿನಲ್ಲಿ ಎರಡು ಸಲ ನಿಜವಾದ ಬಾತುಗಳು ಖಾಡಿಯ ಕಡೆಯಿಂದ ಬಂದವು. ಕೆರೆಯ ಮೇಲೆ ಸುತ್ತು ಹಾಕಿದವು, ಕೆಳಗಿಳಿದವು, ಇನ್ನೇನು ನೀರು ಮುಟ್ಟಬೇಕು ಎನ್ನುವಾಗ ಮತ್ತೆ ಮೇಲೆದ್ದು ಹೊರಟೇಹೋದವು. ಎರಡನೆಯ ಸಲ ಮಾವ ಬೆಂಚಿನಿಂದ ಎದ್ದು ನಿಂತಿದ್ದರು. ಅವು ಹೋದ ಮೇಲೂ ತುಂಬ ಹೊತ್ತು ಕೂರಲಿಲ್ಲ. ಮನೆಯಲ್ಲಿ ಆಗಲೇ ಅರ್ಧ ಪಾತ್ರೆ ಪಗಡ ರಟ್ಟಿನ ಡಬ್ಬಿಗಳಿಗೆ ಸೇರಿದ್ದವು.

ಮರುದಿನ ಬೆಳಗ್ಗೆ ನನ್ನ ಕಾಫಿ ಮುಟ್ಟದೆ ಹೇಳಿದರು: "ಹೋಟೆಲಿಗೆ ಹೊಸ ಗಿರಾಕಿ ಬಂದ್ರೆ ಬಾಗ್ಲಲ್ಲಿ ಒಂದು ಗಳಿಗೆ ನಿಲ್ತಾನೆ. ಏನು ನೋಡ್ತಾನೆ ಹೇಳು."

"ಖಾಲಿ ಟೇಬಲ್?"

"ಅಲ್ಲ ಮಗಾ. ಕೂತವರನ್ನು. ಎಲ್ರೂ ತಟ್ಟೆ ನೋಡ್ಕೊಂಡು ತಿಂತಾ ಇದ್ರೆ ಒಳಗೆ ಬರ್ತಾನೆ. ಎಲ್ರೂ ಕುತ್ತಿಗೆ ಉದ್ದ ಮಾಡಿ ವೇಟರ್ ಎಲ್ಲಿ, ವೇಟರ್ ಎಲ್ಲಿ ಅಂತ ನೋಡ್ತಿದ್ರೆ ತಿರುಗಿ ಹೋಗ್ತಾನೆ. ನಾನು ಮಾಡಿದ್ದು ನೋಡು, ಐದಕ್ಕೆ ಐದೂ ಕುತ್ತಿಗೆ ಎತ್ತಿ ಕೂತಿವೆ. ಚಂದ ಕಾಣ್ತದೆ ಅಂತ ಎತ್ತಿದೆ. ಮೇಲಿಂದ ನೋಡಿದವಕ್ಕೆ ಇಲ್ಲೇನೋ ಹೆದರಿಕೆ ಉಂಟು ಅನ್ಸೂದಿಲ್ವಾ?"

ವಾಚ್‌ಮನ್ ಐದನ್ನೂ ತಂದುಕೊಟ್ಟ. ಡಬ್ಬಿಗಳ ನಡುವೆ ಜಾಗ ಮಾಡಿಕೊಂಡು ಮಾವ ಕೂತರು. ಅಷ್ಟು ಅಂದವಾಗಿ ತಿದ್ದಿದ ಕುತ್ತಿಗೆಗಳ ಮೇಲೆ ಗರಗಸ ಇಡುವಾಗ ನಾನು ಒಳಗೆ ಹೋದೆ. ಕಾಲೇಜಿನಿಂದ ಬಂದ ಮಗಳು ಬಾಗಿಲಲ್ಲೇ ನಿಂತಳು. "ಅಜ್ಜಾ, ಸಬ್ ಕಾ ಗಲಾ ಕಾಟ್ ದಿಯಾ?" ಅವರು ತಲೆ ಎತ್ತದೆ, "ಹೊಟ್ಟೆ ತುಂಬಿದವರು ಮಾಡ್ತಾ ಇದ್ದೇನೆ," ಎಂದರು. ನಾಲ್ಕು ದಿನದಲ್ಲಿ ಮೂರರ ಕುತ್ತಿಗೆ ಗಿಡ್ಡವಾಗಿ ಎದೆಯೊಳಗೆ ಇಳಿಯಿತು. ಒಂದು ನೀರಿಗೆ ಕೊಕ್ಕು ಬಗ್ಗಿಸಿತು. ಬೆನ್ನು ಸುಲಿದದ್ದರ ತಲೆಯನ್ನು ಹಿಂದಕ್ಕೆ ತಿರುಗಿಸಿ, ಕೊಕ್ಕನ್ನು ಬೆನ್ನಿನ ಮೇಲೆ ಮಲಗಿಸಿ ಅಂಟಿಸಿದರು. ನನ್ನ ಎಣ್ಣೆಯ ಕಲೆ ಆ ಕೆನ್ನೆಯ ಕೆಳಗೆ ಮುಚ್ಚಿಹೋಯಿತು.

ಜನವರಿಯ ಮೊದಲ ವಾರ ಮತ್ತೆ ನೀರಿಗೆ ಬಿಟ್ಟೆವು. ಟೆಂಪೋ ಬರಲು ಮೂರು ದಿನವಿರುವಾಗ ಒಂದು ಬೆಳಗ್ಗೆ ಕೆರೆಯ ಮೇಲೆ ತೆಳ್ಳಗೆ ಮಂಜಿತ್ತು. ಬೆಂಚಿಗೆ ಬಂದು ಕೂತ ಮಾವ ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು.

"ನಂಗೆ ಸರಿ ಕಾಣೂದಿಲ್ಲ. ಎಷ್ಟುಂಟು ಎಣಿಸು."

ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. "ಒಂಬತ್ತು, ಮಾವ."

"ನಮ್ಮದು ಐದೇ ಅಲ್ವಾ?"

"ಹೌದು."

"ನಮ್ಮದು ಯಾವ್ದು ಹೇಳು."

ನಾನು ನೋಡಿದೆ. ಸಣ್ಣ ಸಂಗತಿಗಳು ನನ್ನ ಕಣ್ಣಿಗೆ ತಪ್ಪುವುದಿಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ. ಒಂದೊಂದು ಗರಿಯನ್ನೂ ನಾನೇ ಬರೆದಿದ್ದೆ. ಆದರೂ ಆ ಮಂಜಿನಲ್ಲಿ, ಕುತ್ತಿಗೆ ತಗ್ಗಿಸಿ ಕೂತ ಒಂಬತ್ತರಲ್ಲಿ, ಗಾಳಿಗೆ ಒಟ್ಟಿಗೇ ಮುಖ ತಿರುಗಿಸಿದ ಒಂಬತ್ತರಲ್ಲಿ ನನಗೆ ಗೊತ್ತಾಗಲಿಲ್ಲ.

"ಗೊತ್ತಾಗ್ತಿಲ್ಲ ಮಾವ. ನಿಜವಾಗಿ."

ಮಾವ ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೂತರು. ನೀರಿನಲ್ಲಿ ಒಂದು ಬಾತು ರೆಕ್ಕೆ ಚಾಚಿ ಮಡಚಿತು. ಹಾಗಾದರೆ ಅದು ನಮ್ಮದಲ್ಲ ಎಂದು ಲೆಕ್ಕ ಹಾಕಿದೆ.

ಹೊರಡುವ ದಿನ ವಾಚ್‌ಮನ್ ದಾರ ಎಳೆದು ಐದನ್ನೂ ತಂದುಕೊಡಲೇ ಎಂದು ಕೇಳಿದ. ಕೆರೆಯ ಬದಿಗೆ ಟೆಂಪೋ ನಿಂತಿತ್ತು, ಸಾಂಬಾರಿನ ಪಾತ್ರೆ ಆಗಲೇ ಹಿಂದೆ ಏರಿ ಕೂತಿತ್ತು. ನೀರಿನ ಮೇಲೆ ಆ ದಿನ ಹನ್ನೊಂದಿದ್ದವು. ಮಾವ ಕೈ ಅಲ್ಲಾಡಿಸಿ ಬೇಡ ಎಂದರು, ಹಿಂದಿಯಲ್ಲಿ ಹೇಳಲು ಹೋಗಿ ಪದ ಸಿಗದೆ ನನ್ನ ಕಡೆ ತಿರುಗಿದರು.

"ಊಟಕ್ಕೆ ಕೂತವರನ್ನು ಎಬ್ಬಿಸ್ಬಾರ್ದು ಅಂತ ಹೇಳು ಅವನಿಗೆ."

ನಾನು ಹೇಳಿದೆ. ಐದೂ ಅಲ್ಲೇ ಉಳಿದವು.