ಕರು ತಿಂದ ಹಾಳೆಯನ್ನು ಓದಿದವಳು

ನನ್ನ ಮೊಮ್ಮಗಳು ಓದಲಿಲ್ಲ, ಬಾಯಿಪಾಠ ಒಪ್ಪಿಸಿದಳು. ನಡೆದದ್ದು ಇಷ್ಟೇ. ಅವಳ ಓದಿನ ವಿಡಿಯೋಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಹದಿನಾಲ್ಕು ಹೆಬ್ಬೆರಳು, ಆರು ಕೈಮುಗಿತ, ಒಂದು ಗುಲಾಬಿ ಹೂ ಬಂದ ಮಾತ್ರಕ್ಕೆ ಅದು ಓದು ಆಗುವುದಿಲ್ಲ. ಯಾಕೆಂದರೆ ಆ ವಿಡಿಯೋದಲ್ಲಿ ಅವಳು ನಡುವೆ ಒಂದು ಹಾಳೆಯಷ್ಟು ಕಥೆಯನ್ನು ಗಳಗಳನೆ ಓದುತ್ತಾಳೆ. ಆ ಹಾಳೆ ಪುಸ್ತಕದಲ್ಲೇ ಇಲ್ಲ. ಹಿಂದಿನ ದಿನವೇ ಅದನ್ನು ನಮ್ಮ ಕರು ತಿಂದಿತ್ತು.

ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ಪುಸ್ತಕವನ್ನು ಜಗಲಿಯ ಮೇಲೆ ಬಿಟ್ಟವಳು ಅವಳು, ಕರುವನ್ನು ಕಟ್ಟದೆ ಬಿಟ್ಟವಳು ನಾನು. ಬಾಯಿಂದ ಕಿತ್ತುಕೊಂಡಾಗ ಒಂದು ಹಾಳೆ ಆಗಲೇ ಒಳಗೆ ಹೋಗಿತ್ತು. ಉಳಿದದ್ದರ ಜೊಲ್ಲನ್ನು ಸೆರಗಿನಲ್ಲಿ ಒರೆಸಿ, ಪುಸ್ತಕವನ್ನು ಸದ್ದಿಲ್ಲದೆ ಚೀಲಕ್ಕೆ ತುರುಕಿದೆ. ಈ ವಯಸ್ಸಿನಲ್ಲಿ ಮೂರನೇ ಕ್ಲಾಸಿನವಳ ಕೈಲಿ ಯಾರು ಬೈಸಿಕೊಳ್ಳುತ್ತಾರೆ? ಅವಳೇ ಕಂಡುಕೊಂಡು ಕೇಳಿದಾಗ ನೋಡೋಣ ಎಂದುಕೊಂಡೆ. ಅವಳು ಕೇಳಲೇ ಇಲ್ಲ. ಬಾವಿಗೆ ಬಿದ್ದ ಚೆಂಡಿನ ಕಥೆ ಅದು. ಪುಸ್ತಕದಲ್ಲಿ ಈಗ ಚೆಂಡು ಬೀಳುತ್ತದೆ, ಹಾಳೆ ತಿರುಗಿಸಿದರೆ ಮಕ್ಕಳು ಆಗಲೇ ಅದರಲ್ಲಿ ಆಡುತ್ತಿದ್ದಾರೆ. ನಮ್ಮ ಚಂದನ ಮಾತ್ರ ನಡುವೆ ಮುದುಕಿಯೊಬ್ಬಳನ್ನು ಕರೆತಂದು, ಹಗ್ಗಕ್ಕೆ ಬುಟ್ಟಿ ಕಟ್ಟಿಸಿ, ಚೆಂಡನ್ನು ಮೇಲೆ ಎತ್ತಿಸಿದಳು. ಬೆರಳು ಸಾಲಿನ ಮೇಲೆ ಓಡುತ್ತಲೇ ಇತ್ತು.

ಮಗ ಸೊಸೆ ಹಳೇಬೀಡಿನಲ್ಲಿ ದೇವಸ್ಥಾನದ ಎದುರಿಗೆ ಸಣ್ಣ ಕ್ಯಾಂಟೀನು ನಡೆಸುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಹಾಗಾಗಿ ಶಾಲೆಯವರ ಗುಂಪಿನಲ್ಲಿ ಇರುವುದು ನನ್ನ ಫೋನು, ಹೋಂವರ್ಕಿನ ವಿಡಿಯೋ ಹಿಡಿಯುವುದು ನನ್ನ ಕೈ. ಮೊದಮೊದಲು ನಾನು ಕಳಿಸಿದ ವಿಡಿಯೋಗಳಲ್ಲಿ ಮಗುವಿನ ಕಾಲು, ನನ್ನ ಹೆಬ್ಬೆರಳು, ಒಮ್ಮೆ ಪೂರ್ತಿ ಸೂರು ಬಂದಿತ್ತು. ಈಗ ಪರವಾಗಿಲ್ಲ, ತಲೆ ಬರುತ್ತದೆ.

ಟೀವಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ನಮ್ಮೂರ ಶಾಲೆಯ ಗೋಡೆಗೆ ಮಂಚದಷ್ಟು ಅಗಲದ ಟೀವಿ ಬಂತು. ಅದರೊಳಗೆ ಒಬ್ಬ ಹೆಂಗಸು ಪಾಠ ಓದುತ್ತಾಳೆ. ಅವಳು ಓದಿದ ಹಾಗೆ ಅಕ್ಷರಗಳು ಒಂದೊಂದಾಗಿ ಹಳದಿಯಾಗುತ್ತವೆ. ಮಕ್ಕಳು ಅವಳ ಹಿಂದೆಯೇ ಹೇಳುತ್ತಾರೆ. ಕೆಟ್ಟದ್ದೇನಲ್ಲ. ನಾನು ಶಾಲೆಗೆ ಹೋದ ಮೂರು ವರ್ಷದಲ್ಲಿ ಕಂಡ ಯಂತ್ರ ಒಂದೇ, ಮೇಷ್ಟ್ರ ಬೆತ್ತ. ಅದಕ್ಕೂ ದನಿ ಇತ್ತು, ಕರೆಂಟು ಹೋದರೂ ಕೆಲಸ ಮಾಡುತ್ತಿತ್ತು. ಅದಕ್ಕೆ ಹೋಲಿಸಿದರೆ ಈ ಹೆಂಗಸು ಮಾಲಕ್ಷ್ಮಿ. ಅವಳ ದನಿ ಎಷ್ಟು ಇಂಪು ಎಂದರೆ ಮಕ್ಕಳ ಕಣ್ಣು ಟೀವಿಯ ಮೇಲೆ ಇರುತ್ತದೆ, ಕೆಲಸವೆಲ್ಲ ಕಿವಿಯದು.

ಕಿವಿಯಲ್ಲಿ ಕಲಿತದ್ದು ಕಲಿಕೆಯಲ್ಲವೇ ಎಂದು ಕೇಳಬಹುದು. ಕಲಿಕೆಯೇ. ನನಗೆ ಬರುವ ಸೋಬಾನೆ ಪದಗಳೆಲ್ಲ ಹಾಗೆ ಬಂದವು. ಆದರೆ ನಮ್ಮ ಕ್ಯಾಂಟೀನಿಗೆ ಟೀ ಕುಡಿಯಲು ಬರುವ ಗೈಡ್ ಒಬ್ಬರಿದ್ದಾರೆ. ದೇವಸ್ಥಾನದ ಒಂದೊಂದು ಶಿಲ್ಪದ ಮುಂದೆಯೂ ಹೇಳುವ ಮಾತು ಅವರಿಗೆ ನೀರು ಕುಡಿದ ಹಾಗೆ. ಒಂದು ಸಲ ಗೋಡೆಯ ಒಂದು ಭಾಗವನ್ನು ಶುಚಿ ಮಾಡಲು ಟಾರ್ಪಾಲು ಇಳಿಬಿಟ್ಟಿದ್ದರು. ಇವರು ಅಭ್ಯಾಸಬಲದಿಂದ ಅಲ್ಲೇ ನಿಂತು ಕೋಲು ತೋರಿಸಿ, ‘ಈ ನರ್ತಕಿಯ ಬಳೆ ಗಮನಿಸಿ, ಸೂಕ್ಷ್ಮವಾಗಿ ಗಮನಿಸಿ’ ಎಂದರು. ಬಂದವರೂ ಟಾರ್ಪಾಲನ್ನು ಸೂಕ್ಷ್ಮವಾಗಿ ಗಮನಿಸಿದರು. ಕಿವಿಯ ಕಲಿಕೆಯ ಕಷ್ಟ ಇದೇ. ಎದುರಿಗಿರುವುದು ಬದಲಾದರೂ ಬಾಯಿಗೆ ಗೊತ್ತಾಗುವುದಿಲ್ಲ.

ಗೈಡ್ ಮಾತಿಗೆ ನಕ್ಕು ಸುಮ್ಮನಾಗಬಹುದು. ಮಗುವಿನ ವಿಷಯಕ್ಕೆ ಆಗುವುದಿಲ್ಲ. ಅದರಲ್ಲೂ ಗುರುವಾರ ಸಂಜೆ ಶಶಿಕಲಾ ಟೀಚರ್ ಫೋನು ಮಾಡಿದ ಮೇಲೆ.

“ಅಜ್ಜಿ, ಶನಿವಾರ ಬೇರೆ ಊರಿನ ಟೀಚರ್‌ಗಳು ನಮ್ಮ ಟೀವಿ ಪಾಠ ನೋಡೋಕೆ ಬರ್ತಿದಾರೆ. ಚಂದನಾನೇ ಎದ್ದು ನಿಂತು ಓದ್ಬೇಕು. ಅವಳಷ್ಟು ಚೆನ್ನಾಗಿ ಯಾರೂ ಓದಲ್ಲ.”

“ಯಾವ ಪಾಠ ಓದಿಸ್ತೀರಿ?”

“ಅದನ್ನ ಬಂದೋರೇ ಆರಿಸ್ತಾರೆ. ಯಾವುದಾದ್ರೇನು ಬಿಡಿ, ನಿಮ್ಮ ಮೊಮ್ಮಗಳು ಹುಲಿ.”

ಹುಲಿ ಆಗ ಕರುವಿನ ಕಿವಿ ಕೆರೆಯುತ್ತ ಕೂತಿತ್ತು. ಕರೆದು, ಪುಸ್ತಕ ತೆರೆದು, ಇನ್ನೂ ಮಾಡದ ಪಾಠವೊಂದನ್ನು ಮುಂದಿಟ್ಟೆ.

“ಇದನ್ನ ಓದೇ.”

ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು. “ಇದು ಇನ್ನೂ ಟೀವೀಲಿ ಬಂದಿಲ್ಲ ಕಣಜ್ಜಿ.”

“ಟೀವೀಲಿ ಬರದಿದ್ರೆ ಏನು, ಪುಸ್ತಕದಾಗೆ ಐತಲ್ಲ.”

“ನೀನು ಒಂದು ಸಲ ಹೇಳು, ಆಮೇಲೆ ನಾನು ಓದ್ತೀನಿ.”

ಅದು ನನ್ನದೇ ಮಾತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಮದುವೆಯಾಗಿ ಬರುವಷ್ಟರಲ್ಲಿ ಕಲಿತ ಅಕ್ಷರವೆಲ್ಲ ಅಳಿಸಿಹೋಗಿತ್ತು. ಆದರೂ ಓದಲು ಬರುತ್ತದೆ ಎಂದೇ ಈ ಮನೆಗೆ ತಂದಿದ್ದರು. ವರ್ಷಗಟ್ಟಲೆ ಆ ಹೆಸರು ಕಾಪಾಡಿಕೊಂಡೆ. ಕಾಗದ ಬಂದರೆ ಪೋಸ್ಟಿನವನಿಗೆ, “ಕೈ ಹಸಿ ಐತೆ, ನೀವೇ ಓದಿ ಹೇಳಿ” ಎನ್ನುವುದು. ಕೇಳಿಸಿಕೊಂಡು, ಆಮೇಲೆ ಅತ್ತೆಗೆ ನಾನೇ ಓದಿದಂತೆ ಹೇಳುವುದು. ಅರಸೀಕೆರೆಯಲ್ಲಿ ನನ್ನ ನಾದಿನಿಯ ಮನೆ. ಅಲ್ಲಿಂದ ವಾಪಸು ಬರುವಾಗ ಹಳೇಬೀಡಿನ ಬಸ್ಸು ಯಾವಾಗಲೂ ಸೀಬೆಹಣ್ಣಿನವಳ ಎದುರಿಗೇ ನಿಲ್ಲುತ್ತಿತ್ತು. ಒಂದು ದಿನ ಅಲ್ಲಿ ಬೇರೆ ಬಸ್ಸು ನಿಂತಿತ್ತು. ನಾನು ಸೀಬೆಹಣ್ಣು ನೋಡಿ ಹತ್ತಿದೆ. ಬಾಣಾವರ ಬಂದ ಮೇಲೆ ಕಂಡಕ್ಟರು, “ಇದು ಕಡೂರಿಗೆ ಹೋಗೋದು ಕಣಮ್ಮ, ಬೋರ್ಡ್ ನೋಡ್ಬಾರ್ದಾ?” ಎಂದ. “ಕನ್ನಡಕ ಮರೆತೆ ಕಣಪ್ಪ” ಎಂದೆ. ಆಗ ನನಗೆ ಇಪ್ಪತ್ತೈದು ತುಂಬಿರಲಿಲ್ಲ, ಹದ್ದಿನ ಕಣ್ಣು. ಬಸ್ಸಿನವರೆಲ್ಲ ನಕ್ಕರು. ಕಂಕುಳಲ್ಲಿದ್ದ ಮಗನೂ ನಕ್ಕ, ಅವನಿಗೆ ಏನು ಅರ್ಥವಾಯಿತೋ.

ಅವನು ಒಂದನೇ ಕ್ಲಾಸಿಗೆ ಸೇರಿದಾಗ ಅವರೇಕಾಯಿ ಸುಲಿಯುವ ನೆಪ ಮಾಡಿಕೊಂಡು ಪಕ್ಕದಲ್ಲಿ ಕೂತು ನಾನೂ ಮತ್ತೆ ಕಲಿತೆ. ಅವನಿಗಿಂತ ಮೂರು ತಿಂಗಳು ಹಿಂದೆ ಬಿದ್ದೆ, ಆದರೆ ಬಂತು. ಈಗಲೂ ನನ್ನ ಓದು ಎತ್ತಿನ ಗಾಡಿಯದು. ಆದರೆ ಬೋರ್ಡ್ ನೋಡಿ ಬಸ್ಸು ಹತ್ತುತ್ತೇನೆ.

ಆದ್ದರಿಂದ ಮೊಮ್ಮಗಳನ್ನು ಬೈಯಲಿಲ್ಲ. “ನಿಂಗೆ ಓದಾಕೆ ಬರಕಿಲ್ಲ ಅಲ್ವೇನೇ?” ಎಂದು ಮಾತ್ರ ಕೇಳಿದೆ. ಅವಳು, “ಟೀಚರ್‌ಗೆ ಹೇಳ್ಬೇಡಜ್ಜಿ” ಎಂದಳು. ಕರು ತಿಂದ ಹಾಳೆಯ ವಿಷಯ ಹೇಳಿದೆ. ಅವಳು ಪುಸ್ತಕ ತಿರುವಿ, ಹರಿದ ಅಂಚನ್ನು ಮುಟ್ಟಿ ನೋಡಿ, “ಅಯ್ಯೋ, ಹೌದಲ್ಲ” ಎಂದಳು. ಆಮೇಲೆ ಇಬ್ಬರೂ ಕೂತು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟೆವು. ಮುಕ್ಕಾಲು ಪಾಲು ಅಕ್ಷರ ಅವಳಿಗೆ ಬರುತ್ತಿತ್ತು. ಜೋಡಿಸುವುದು ಬರುತ್ತಿರಲಿಲ್ಲ. ಜೋಡಿಸುವ ಮೊದಲೇ ಟೀವಿಯ ಆ ಹೆಂಗಸು ಹೇಳಿಬಿಡುತ್ತಾಳಲ್ಲ, ಮಗು ಯಾಕೆ ಕಷ್ಟಪಡಬೇಕು?

ಸೊಸೆ ಬಂದ ಮೇಲೆ ಎಲ್ಲ ಹೇಳಿದೆ. ಅವಳ ಮುಖ ಸಣ್ಣಗಾಯಿತು. “ಶನಿವಾರ ಒಂದಿನ ಹೆಂಗೋ ಕಳೀಲಿ ಅತ್ತೆ. ಟೀವೀಲಿ ಬಂದ ಪಾಠಾನೇ ಆರಿಸ್ಬೋದು. ಎಲ್ಲಾರ ಮುಂದೆ ಮಗೀನ ಮರ್ವಾದೆ ತೆಗೀಬೇಡಿ. ಆಮೇಲೆ ಕಲಿಸಿದ್ರಾಯ್ತು.”

ತಾಯಿ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಒಂದು ಸಲ ಹುಲಿ ಎನ್ನಿಸಿಕೊಂಡವರಿಗೆ ‘ಆಮೇಲೆ’ ಬರುವುದೇ ಇಲ್ಲ. ಶನಿವಾರ ಚಪ್ಪಾಳೆ ಬಿದ್ದರೆ ಆ ಚಪ್ಪಾಳೆ ಕಾಪಾಡಲು ಇನ್ನೊಂದು ಸುಳ್ಳು ಬೇಕು. ಅಂಥ ಸುಳ್ಳಿಗೇ ನಾನು ಬಾಣಾವರದವರೆಗೆ ಹೋಗಬೇಕಾಯಿತು.

“ನಾಳೆ ನಾನು ಟೀಚರ್‌ಗೆ ಹೇಳ್ತೀನಿ. ನಿನ್ನ ಎದುರಿಗೇ ಹೇಳ್ತೀನಿ, ಹಿಂದಿನಿಂದ ಅಲ್ಲ” ಎಂದು ಚಂದನಳಿಗೆ ಹೇಳಿ ಮಲಗಿದೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು.

ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಬೆಲ್ಲು ಹೊಡೆಯುವ ಮುಂಚೆ ಶಾಲೆಗೆ ಹೋದೆ. ಮೊಮ್ಮಗಳು ನನಗಿಂತ ಹತ್ತು ಹೆಜ್ಜೆ ಮುಂದೆ, ನಾನು ಯಾರೋ ಎಂಬಂತೆ ನಡೆದಳು. ಶಶಿಕಲಾ ಟೀಚರ್ ಒಳ್ಳೆಯವರು. ಹಾಳೆಯ ಕಥೆ ಕೇಳಿ ಮೊದಲು ನಕ್ಕರು, ಆಮೇಲೆ ನಗು ನಿಂತಿತು.

“ಆದ್ರೆ ಕ್ಲಾಸಲ್ಲಿ ಎಷ್ಟು ಚೆನ್ನಾಗಿ ಓದ್ತಾಳಲ್ಲ ಅಜ್ಜಿ.”

“ಟೀವಿ ಇರ್ಲಿ ಮೇಡಮ್ಮೋರೆ. ದನಿ ಒಂದು ಮುಚ್ಚಿ ನೋಡಿ.”

ಬೆಲ್ಲು ಹೊಡೆದು ಮಕ್ಕಳೆಲ್ಲ ಬಂದು ಕೂತ ಮೇಲೆ ಅವರು ರಿಮೋಟು ಒತ್ತಿದರು. ಬಾವಿಯ ಪಾಠವೇ ಬಂತು. ಅಕ್ಷರಗಳು ಹಳದಿಯಾಗುತ್ತ ಹೋದವು, ಹೆಂಗಸು ಮಾತಾಡಲಿಲ್ಲ. ಮೊದಲ ಸಾಲು ಎಲ್ಲರೂ ಕೂಗಿದರು. ಎರಡನೆಯ ಸಾಲಿಗೆ ಬಾಯಿ ಒಂದು ಕಡೆ, ಹಳದಿ ಒಂದು ಕಡೆ. ಟೀಚರ್ ಅಲ್ಲಿಗೆ ನಿಲ್ಲಿಸಿ, ಮಕ್ಕಳು ಕಾಣದ ಪಾಠವೊಂದನ್ನು ಹಾಕಿ, ಓದಿ ಎಂದರು. ಹದಿನೆಂಟು ಮಕ್ಕಳಲ್ಲಿ ಹಿಂದಿನ ಸಾಲಿನ ಇಬ್ಬರು ಏನೋ ಗೊಣಗಿದರು. ಉಳಿದವರು ಟೀವಿಗೆ ಶೀತವಾಗಿದೆಯೇನೋ ಎಂಬಂತೆ ಕಾದು ಕೂತರು. ನಮ್ಮವಳು ಒಬ್ಬಳೇ ಅಲ್ಲ ಎಂದು ನನಗೆ ಸಮಾಧಾನವಾಯಿತು. ಟೀಚರ್‌ಗೆ ಆಗಲಿಲ್ಲ, ಅವರು ಕುರ್ಚಿಯಲ್ಲಿ ಕೂತುಬಿಟ್ಟರು.

“ನಾಳೆ ಬಂದೋರಿಗೆ ಏನು ತೋರಿಸ್ಲಿ ಅಜ್ಜಿ?”

“ಇದನ್ನೇ ತೋರ್ಸಿ. ಅವ್ರ ಶಾಲೇಲೂ ಇಂಗೇ ಇರ್ತದೆ.”

ತಪ್ಪಿದರೆ ನಗುತ್ತಾರೆ ಎಂದು ಮಕ್ಕಳೆಲ್ಲ ಪಕ್ಕದವರನ್ನು ನೋಡುತ್ತಿದ್ದರು. ಆ ನೋಟ ನನಗೆ ಗೊತ್ತು. ಆದ್ದರಿಂದ ಟೀವಿಯ ಮುಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತು, ಆ ಹೊಸ ಪಾಠದ ಮೊದಲ ಸಾಲನ್ನು ನಾನೇ ಗಟ್ಟಿಯಾಗಿ ಓದಿದೆ. ಎರಡು ಕಡೆ ಎಡವಿದೆ. ಒಂದು ಕಡೆ ಪೂರ್ತಿ ತಪ್ಪಿ, ಹಿಂದಕ್ಕೆ ಬಂದು ಮತ್ತೆ ಓದಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಗಲಿ ಎಂದು ಕಾದೆ. ಮುಗಿದ ಮೇಲೆ, “ನಾನು ಸಾಯ್ಲಿಲ್ಲವಲ್ಲ, ಇನ್ನು ನೀವು ಓದ್ರಲೇ” ಎಂದು ಪಕ್ಕಕ್ಕೆ ಸರಿದೆ. ಎರಡನೆಯ ಸಾಲಿಗೆ ಚಂದನ ಎದ್ದಳು. ನನ್ನ ಕಡೆ ನೋಡಲಿಲ್ಲ, ಇನ್ನೂ ಕೋಪವಿತ್ತು. ಐದು ಪದಗಳ ಸಾಲು. ಒಂದೊಂದು ಅಕ್ಷರವನ್ನೂ ಕಲ್ಲು ಎತ್ತಿಟ್ಟ ಹಾಗೆ ಎತ್ತಿಡುತ್ತ, ನನಗಿಂತಲೂ ನಿಧಾನವಾಗಿ, ಕೊನೆಯವರೆಗೂ ಓದಿದಳು.