ಬಿಸಿಲಿಗೆ ಕೂಗದ ಡಬ್ಬಿ

ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ: ಹೋದ ವರ್ಷ, ಹದಿನಾರನೇ ವಯಸ್ಸಿಗೇ, ನಾನು ಸೂರ್ಯನ ಮೇಲೆ ಕಣ್ಣಿಡುವ ಮುಖ್ಯ ಎಂಜಿನಿಯರ್ ಆಗಿದ್ದೆ. ಕಚೇರಿ, ಚೆನ್ನೈನ ಕ್ರೋಂಪೇಟೆಯ ನಮ್ಮ ಮನೆಯ ತಾರಸಿ. ಸಿಬ್ಬಂದಿ, ನಾನು ಮತ್ತು ನನ್ನ ವೈರ್ ಕದ್ದು ಗೂಡು ಕಟ್ಟುತ್ತಿದ್ದ ಒಂದು ಕಾಗೆ. ಆ ಗೂಡಿನಲ್ಲಿ ವೈಫೈ ಒಂದು ಬಿಟ್ಟು ಎಲ್ಲ ಸೌಕರ್ಯವೂ ಇತ್ತು.

ಯಂತ್ರ ಸರಳ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ, ಚರ್ಮ ಸುಡುವ ಯುವಿ ಕಿರಣಗಳಿರುತ್ತವೆ. ಅವನ್ನು ಅಳೆಯುವ ಉಗುರಿನಷ್ಟು ಸೆನ್ಸರ್, ಮೊಸರಿನ ಡಬ್ಬಿ, ಬ್ಯಾಟರಿ, ಮೇಲೆ ಯುವಿಯನ್ನು ಒಳಬಿಡುವ, ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೇಪು. ಯುವಿ ಸೂಚ್ಯಂಕ ಮೂರು ದಾಟಿದರೆ ಪಲ್ಲಾವರಂವರೆಗೂ ಕೇಳುವಂತೆ ಕೂಗುತ್ತಿತ್ತು. ಸರಿ, ಪಕ್ಕದ ಮನೆಯವರೆಗೆ.

ನನ್ನ ಏಕೈಕ ಗ್ರಾಹಕಿ ನಮ್ಮ ಬೀದಿಯ ಸೆಲ್ವಿ ಅಕ್ಕ. ಹೊಸೂರು ಕಡೆಯವರು, ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹಳೇ ಪಾತ್ರೆ ಮಾರುತ್ತಾರೆ. ಅವರಿಗೆ ಲೂಪಸ್ ಎಂಬ ಕಾಯಿಲೆ. ಬಿಸಿಲು ತಾಗಿದರೆ ಮೈ ಕೆಂಪೇರಿ, ಕೀಲು ಹಿಡಿದು, ಜ್ವರ ಬರುತ್ತದೆ. ಇನ್ನೊಂದು ಸಲ ಹೀಗಾದರೆ ಕಿಡ್ನಿಗೇ ಅಪಾಯ ಎಂದು ಡಾಕ್ಟರು ಎಚ್ಚರಿಸಿದ್ದರು. ಆದರೆ ಕೊಳ್ಳುವವರು ಬರುವುದು ನೆರಳಿಲ್ಲದ ಮುಂದಿನ ಸಾಲಿಗೆ. ಮೋಡ ಕವಿದ ದಿನವೂ ಯುವಿ ಇಳಿದು ಬರುತ್ತದೆ. ಅದಕ್ಕೇ ಡಬ್ಬಿ ಬೇಕಿತ್ತು. ಅದು ಕೂಗಿದಾಗೆಲ್ಲ ಅಕ್ಕ ಹಿಂದಿನ ಟಾರ್ಪಾಲಿನ ಕೆಳಗೆ ಸರಿಯುತ್ತಿದ್ದರು. ಎರಡು ತಿಂಗಳು ಏನೂ ಆಗಲಿಲ್ಲ.

ಅಷ್ಟರಲ್ಲಿ ಹತ್ತಿರದ ಕಾಲೇಜಿನಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನ ಬಂತು, ಶನಿವಾರ. ಟೇಪು ಸುತ್ತಿದ ಡಬ್ಬಿ ತಲೆಗೆ ಪೆಟ್ಟು ಬಿದ್ದವರಂತೆ ಕಾಣುತ್ತಿತ್ತು. ಗುರುವಾರ ಹೊಟ್ಟೆನೋವಿನ ರಜೆ ಹಾಕಿ, ಟೇಪು ಕಿತ್ತು, ಹಳೇ ಫೋಟೊದ ಗಾಜು ಕತ್ತರಿಸಿ ಅಂಟಿಸಿದೆ. ಮಧ್ಯಾಹ್ನ ಹನ್ನೆರಡಕ್ಕೆ ತಾರಸಿಯಲ್ಲಿ ಕಾಲು ಸುಡುತ್ತಿತ್ತು. ಡಬ್ಬಿ ತೋರಿಸಿದ ಸೂಚ್ಯಂಕ ಮಾತ್ರ ಒಂದು. ಹುಡುಕಿ ಓದಿದೆ. ಚರ್ಮ ಸುಡುವ ಕಿರಣಗಳನ್ನು ಮಾಮೂಲಿ ಗಾಜು ಬಹುಪಾಲು ತಡೆದುಬಿಡುತ್ತದೆ. ಆದರೆ ಗಾಜು ಕೀಳಲು ಹೋದರೆ ಡಬ್ಬಿಯೇ ಬಿರಿಯುತ್ತಿತ್ತು, ಹಾಗೇ ಬಿಟ್ಟೆ.

ಶುಕ್ರವಾರ ಬೆಳಿಗ್ಗೆ ತೆಳು ಮೋಡ. ಡಬ್ಬಿ ಒಯ್ಯಲು ಬಂದ ಸೆಲ್ವಿ ಅಕ್ಕ ಹೊಸ ಗಾಜನ್ನು ಸೆರಗಿನಿಂದ ಒರೆಸಿ ಮೆಚ್ಚಿದರು.

"ಕೂಗಲಿಲ್ಲಾಂದ್ರೆ ಮುಂದೇನೇ ಕೂತ್ಕೋಬೌದು ತಾನೆ, ಪಾಪಾ?"

ಹೂಂ ಅಂದೆ.

ಸಂಜೆ ವಾಪಸ್ ಕೊಡುವಾಗ ಅವರ ಕೆನ್ನೆ ಕೆಂಪಾಗಿತ್ತು. ವ್ಯಾಪಾರ ಚೆನ್ನಾಗಾಯಿತು ಎಂದು ಖುಷಿಯಲ್ಲಿದ್ದರು. ನಾನು ಡಬ್ಬಿಗೆ ಪೆಟ್ಟಾಗಿದೆಯೇ ಎಂದಷ್ಟೇ ನೋಡಿದೆ.

ಶನಿವಾರ ತೀರ್ಪುಗಾರರು, ಇದನ್ನು ಹೊರಗೆಲ್ಲಾದರೂ ಪರೀಕ್ಷಿಸಿದ್ದೀಯಾ ಎಂದು ಕೇಳಿದರು. ನಿನ್ನೆ ಇಡೀ ದಿನ ಸಂತೆಯಲ್ಲಿತ್ತು, ಒಂದೇ ಒಂದು ಸುಳ್ಳು ಅಲಾರಂ ಇಲ್ಲ ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಿಜವನ್ನೇ ಹೇಳಿ ಮೋಸ ಮಾಡಬಹುದು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ತೀರ್ಪುಗಾರರು ತಲೆದೂಗಿ ಬರೆದುಕೊಂಡರು.

ಆಗ ಅಮ್ಮ ಒಳಗೆ ಬಂದಳು. ಕೈಯಲ್ಲಿ ಆಸ್ಪತ್ರೆಯ ಫೈಲು. ಸೆಲ್ವಿ ಅಕ್ಕನನ್ನು ಬೆಳಿಗ್ಗೆ ಸೇರಿಸಿ ಬಂದಿದ್ದಳು. ಡಬ್ಬಿ ಕೂಗಲೇ ಇಲ್ಲವಂತೆ.

"ಯಾಕೆ ಕೂಗಲಿಲ್ಲ ಅಂತ ನಿಂಗೆ ಗೊತ್ತಿತ್ತಾ?"

ಗೊತ್ತಿತ್ತು ಅಂದೆ.

ಅಮ್ಮ ಸ್ವಿಚ್ ಆಫ್ ಮಾಡಿ ಡಬ್ಬಿಯನ್ನು ನನ್ನ ಕೈಗಿಟ್ಟಳು.

"ಡಬ್ಬಿ ಸರಿಯಾಗೇ ಇತ್ತು, ತನ್ನ ಮೈಯೇ ಸರಿಯಿಲ್ಲ ಅಂದ್ಕೊಂಡು ಮಲಗಿದಾಳೆ ಅವ್ಳು. ನಡಿ, ಅವ್ಳಿಗೆ ನೀನೇ ಹೇಳು."