ಗಾಡಿಯ ತಲೆಗೊಂದು ಬಿಚ್ಚಿಡುವ ದೀಪ

ಹಾಲಿನ ಪಿಕಪ್ ಓಡಿಸುವ ಅವನನ್ನು ಎಲ್ಲರೂ ಬ್ರೇಕಣ್ಣ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವನು ಬ್ರೇಕ್ ಹಾಕಿದ್ದಕ್ಕೆ ಕ್ಯಾನಿನಿಂದ ಒಂದು ಹನಿ ಹಾಲು ತುಳುಕಿದ್ದಿಲ್ಲ. ಈಗ ಎರಡು ವರ್ಷದಿಂದ, ಕತ್ತಲಾದರೆ ಅವನಿಗೆ ಕಣ್ಣು ಕಾಣುವುದು ಅಷ್ಟಕ್ಕಷ್ಟೇ. ಕಣ್ಣಿನ ಒಳಪರದೆ ಅಂಚಿನಿಂದ ಒಣಗುತ್ತಾ ಬರುತ್ತಿದೆ, ಇದಕ್ಕೆ ಕನ್ನಡಕವಿಲ್ಲ, ಕತ್ತಲಲ್ಲಿ ಗಾಡಿ ಮುಟ್ಟಬೇಡ ಎಂದು ಡಾಕ್ಟರು ಹೇಳಿಯಾಗಿತ್ತು. ಹಾಲಿನ ಗಾಡಿಯೋ, ಕೋಳಿ ಕೂಗುವ ಮೊದಲೇ ಹೊರಡಬೇಕು. ಗಾಡಿಯ ಯಜಮಾನರಿಗೆ ತಿಳಿದರೆ ಅಂದೇ ಕೀಲಿ ಕಿತ್ತುಕೊಳ್ಳುತ್ತಾರೆ. ಬೇರೆ ಕೆಲಸ ಅವನಿಗೆ ಬಾರದು.

"ಪೊರೆ ಬಂದಿರೋದು ನನ್ನ ಕಣ್ಣಿಗಲ್ಲ ಕಣೇ, ಗಾಡಿ ಕಣ್ಣಿಗೆ," ಎಂದ ಹೆಂಡತಿಗೆ. "ಮೇಲೆ ಎರಡು ದೀಪ ಕೂರಿಸಿದ್ರೆ ಹಗಲಾಗುತ್ತೆ, ನೋಡ್ತಿರು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ," ಎಂದಳು ಅವಳು. ಅಂದರೂ ಪೈಪು ಹಿಡಿದುಕೊಳ್ಳಲು ಬಂದಳು.

ಗಾಡಿ ತನ್ನದಲ್ಲ, ತೂತು ಹೊಡೆಯುವಂತಿಲ್ಲ. ಬೇಕಾದಾಗ ಕೂರಿಸಿ ಬೇಡವಾದಾಗ ಬಿಚ್ಚಿಡುವಂಥದ್ದೇ ಆಗಬೇಕು. ಮುರಿದ ಮಂಚದ ಅಡ್ಡಪೈಪನ್ನು ಕ್ಯಾಬಿನ್ನಿನ ಅಗಲಕ್ಕಿಂತ ನಾಲ್ಕು ಬೆರಳು ಕಡಿಮೆ ಕೊಯ್ದ. ಕ್ಯಾಬಿನ್ನಿನ ಹಿಂದೆ ಎತ್ತರಕ್ಕಿದ್ದ ಕಂಬಿಗೆ ಹಳೇ ಟ್ಯೂಬಿನ ರಬ್ಬರು ಸುತ್ತಿ, ಬಣ್ಣ ತರಚದಂತೆ, ಎರಡು ಯು-ಬೋಲ್ಟಿನಲ್ಲಿ ಪೈಪನ್ನು ಬಿಗಿದ. ಬೆರಳಲ್ಲೇ ತಿರುಗಿಸುವ ನಾಲ್ಕು ನಟ್ಟು. ಗುಜರಿಯಿಂದ ತಂದ ದೀಪ ಎರಡು. ಬ್ಯಾಟರಿಯಿಂದ ಫ್ಯೂಸು, ರಿಲೇ ದಾಟಿಸಿ ವೈರು ಎಳೆದು ನಡುವೆ ಒಂದು ಪ್ಲಗ್ಗು ಇಟ್ಟ. ನಾಲ್ಕು ನಟ್ಟು, ಒಂದು ಪ್ಲಗ್ಗು ಬಿಚ್ಚಿದರೆ ದೀಪ ಇದ್ದ ಗುರುತೂ ಉಳಿಯದು. ಇಷ್ಟಕ್ಕೆ ಮೂರು ಭಾನುವಾರ ಹಿಡಿಯಿತು.

ಸಂಜೆ ಕಪ್ಪಿಟ್ಟ ಮೇಲೆ ಓಣಿಯ ಕೊನೆಯ ಗೋಡೆಗೆ ಎದುರಾಗಿ ಗಾಡಿ ನಿಲ್ಲಿಸಿ ಸ್ವಿಚ್ಚು ಒತ್ತಿದ.

"ಬ್ರೇಕಣ್ಣಾ, ಆರಿಸಪ್ಪಾ!" ಪಕ್ಕದ ಮನೆಯ ಟೈಲರ್ ಕಿಟಕಿಯಿಂದ ಕೂಗಿದ. "ಬೆಳಗಾಯ್ತು ಅಂತ ನಮ್ಮಪ್ಪ ಹಲ್ಲುಜ್ಜೋಕೆ ಎದ್ದವ್ರೆ!"

ಬ್ರೇಕಣ್ಣನ ಎದೆ ಉಬ್ಬಿತು. ಆಮೇಲೆ ಮುಂದೆ ನೋಡಿದ. ಕೊಳವೆಯೊಳಗಿಂದ ಇಣುಕಿದ ಹಾಗೆ ನಡುವೆ ತಟ್ಟೆಯಗಲ ಗೋಡೆ, ಅದರ ಸುತ್ತ ಏನೂ ಇಲ್ಲ.

"ಎಲ್ಲಿದ್ದೀಯೇ?" ಎಂದು ಹೆಂಡತಿಯನ್ನು ಕೂಗಿದ.

"ಇಲ್ಲೇ ಇದ್ದೀನಲ್ರೀ. ಬೆಳಕಲ್ಲೇ."

ಕತ್ತು ತಿರುಗಿಸುತ್ತಾ ಹುಡುಕಿದ. ಮೊದಲು ಕೈ ಸಿಕ್ಕಿತು, ಆಮೇಲೆ ಮುಖ. ಗಾಡಿಯ ಮೂತಿಯಿಂದ ನಾಲ್ಕೇ ಹೆಜ್ಜೆ ಎಡಕ್ಕೆ ನಿಂತಿದ್ದಳು.

ಅಷ್ಟರಲ್ಲಿ ಯಜಮಾನರ ಬೈಕು ಬಂದು ನಿಂತಿತು. ಅವನು ಗಡಬಡಿಸಿ ಇಳಿದು ಹಿಂದಕ್ಕೆ ಹತ್ತಿ ನಟ್ಟಿಗೆ ಕೈ ಹಾಕಿದ.

"ಬಿಚ್ತೀನಿ ಸಾರ್. ತೂತು ಗೀತು ಏನೂ ಹೊಡೆದಿಲ್ಲ."

ಯಜಮಾನರು ಪೈಪು ಹಿಡಿದು ಅಲ್ಲಾಡಿಸಿದರು. ಅದು ಜಗ್ಗಲಿಲ್ಲ. "ಯಾಕಯ್ಯಾ ಬಿಚ್ತೀಯಾ? ಒಳ್ಳೇ ಕೆಲಸ ಮಾಡಿದ್ದೀಯ! ಇಷ್ಟು ಬೆಳಕಿರೋವಾಗ ರಾತ್ರಿ ಟ್ರಿಪ್ಪೂ ನೀನೇ ನೋಡ್ಕೋ. ನಾಳೆಯಿಂದಲೇ."

ಇಳಿದು ಬಂದವನ ಪಕ್ಕೆಗೆ ಹೆಂಡತಿ ತಿವಿದಳು. "ಹೇಳಿಬಿಡ್ರೀ."

ಅವನು ಅಂಗೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಳ್ಳತೊಡಗಿದ. ಕೊನೆಗೆ ಅವಳೇ ಬಾಯಿ ತೆರೆದಳು. "ಸಾರ್, ಇವರಿಗೆ..."

"ಇವಳಿಗೆ ರಾತ್ರಿ ಒಬ್ಬಳೇ ಇರೋಕೆ ಹೆದರಿಕೆ ಸಾರ್," ಎಂದು ಅವನು ನಡುವೆ ನುಗ್ಗಿ ನಕ್ಕ.

"ಮನೆಗೂ ಇಂಥದ್ದೊಂದು ಕಟ್ಟಿಸ್ಕೊಳ್ಳಮ್ಮಾ!" ಯಜಮಾನರೂ ನಗುತ್ತಾ ಬೈಕು ಹತ್ತಿ ಹೋದರು.

ಬ್ಯಾಟರಿ ಇಳಿದೀತೆಂದು ಅವನು ದೀಪ ಆರಿಸಿದ.

"ಏನೇ, ಕೋಪಾನಾ?"

ಉತ್ತರ ಬರಲಿಲ್ಲ. ಅವಳು ಒಳಗೆ ಹೋದಳೋ, ಪಕ್ಕದಲ್ಲೇ ನಿಂತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಲು ಧೈರ್ಯ ಸಾಲದೆ, ಗಾಡಿಯ ಬಾಗಿಲು ಹಿಡಿದುಕೊಂಡು ನಿಂತ.